ಮುಂದಿನ ವಚನವನ್ನೂ ಓದಿ

ದುರ್ಬೋಧನೆ, ಅಂದರೆ ದೇವರ ಹೆಸರಿನಲ್ಲಿ ನಡೆಯುವ ತಪ್ಪು ಬೋಧನೆ, ಅಂದ ತಕ್ಷಣ ನಮ್ಮ ಮನಸ್ಸು ಹೊರಗಡೆ ಓಡುತ್ತದೆ. ಕ್ರೈಸ್ತ ಸಭೆಯನ್ನು ವಿರೋಧಿಸುವವರು, ಸತ್ಯವೇದವನ್ನು (ಬೈಬಲನ್ನು) ಹೀಯಾಳಿಸುವವರು, ದೇವರೇ ಇಲ್ಲ ಅನ್ನುವವರು ಕಣ್ಣ ಮುಂದೆ ಬರುತ್ತಾರೆ. ಅಪೊಸ್ತಲ ಪೌಲನು ಈ ವಿಷಯ ಎತ್ತಿದಾಗ ಯಾರನ್ನು ನೋಡಿಕೊಂಡು ಮಾತಾಡಿದ ಗೊತ್ತಾ? ಸಭೆಯ ಹಿರಿಯರನ್ನು.

ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೆಯಿರಿ. ಪೌಲನು ಯೆರೂಸಲೇಮಿಗೆ ಹೊರಟಿದ್ದಾನೆ. ದಾರಿಯಲ್ಲಿ ಮಿಲೇತ ಎಂಬ ಊರಿಗೆ ಎಫೆಸ ಸಭೆಯ ಹಿರಿಯರನ್ನು ಕರೆಸುತ್ತಾನೆ. ಇನ್ನು ನೀವು ನನ್ನ ಮುಖ ನೋಡುವುದಿಲ್ಲ ಅನ್ನುತ್ತಾನೆ. ಅಂಥ ಹೊತ್ತಿನಲ್ಲಿ ಮನುಷ್ಯ ಬೇಡದ್ದನ್ನು ಮಾತಾಡುವುದಿಲ್ಲ, ಅಲ್ವಾ? ಅವನು ಹೇಳಿದ್ದು ಎರಡು ಎಚ್ಚರಿಕೆ. ಕ್ರೂರವಾದ ತೋಳಗಳು ನಿಮ್ಮೊಳಗೆ ಬರುತ್ತವೆ, ಇದು ಮೊದಲನೆಯದು. ಎರಡನೆಯದನ್ನು ಕೇಳಿದಾಗ ಆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ನಿಮ್ಮಲ್ಲೇ ಕೆಲವರು ಎದ್ದು, ಸತ್ಯವನ್ನು ತಿರುಚಿ ಮಾತಾಡಿ, ಶಿಷ್ಯರನ್ನು ತಮ್ಮ ಹಿಂದೆ ಎಳೆದುಕೊಳ್ಳುತ್ತಾರೆ ಅಂದುಬಿಟ್ಟ.

ಅದೇ ಮಾತಿನ ಜೊತೆಗೆ ಪೌಲನು ಇನ್ನೊಂದನ್ನು ಹೇಳುತ್ತಾನೆ. ಮೂರು ವರ್ಷ ಹಗಲೂ ರಾತ್ರಿ ನಾನು ಕಣ್ಣೀರಿಡುತ್ತಾ ನಿಮಗೆ ಬುದ್ಧಿ ಹೇಳುತ್ತಿದ್ದೆ ಅನ್ನುತ್ತಾನೆ. ದುರ್ಬೋಧನೆಯ ವಿಷಯ ಮಾತಾಡುವಾಗ ಅವನಿಗೆ ಅಳು ಬಂತು. ನಮಗೆ ಜಾಸ್ತಿ ಬರುವುದು ಕೋಪ. ಕೆಲವೊಮ್ಮೆ ಒಂದು ಬಗೆಯ ಖುಷಿಯೂ ಬರುತ್ತದೆ, ಅವರು ತಪ್ಪು, ನಾವು ಸರಿ ಅನ್ನುವ ಖುಷಿ. ಇವತ್ತು ನಾನು ಹೇಳುವುದನ್ನೆಲ್ಲ ಆ ಕಣ್ಣೀರನ್ನು ನೆನಪಿಟ್ಟುಕೊಂಡೇ ಕೇಳಬೇಕು ಎಂದು ಕೇಳಿಕೊಳ್ಳುತ್ತೇನೆ.

ದುರ್ಬೋಧನೆ ಸತ್ಯವೇದವನ್ನು ಪಕ್ಕಕ್ಕಿಟ್ಟು ಬರುತ್ತದೆ ಎಂದು ನಾವು ಅಂದುಕೊಂಡಿದ್ದೇವೆ. ಬಹಳ ಸಲ ಅದು ಸತ್ಯವೇದವನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತದೆ. ಮತ್ತಾಯ 4ನೇ ಅಧ್ಯಾಯ ನೋಡಿ. ಸೈತಾನ ಯೇಸುವನ್ನು ದೇವಾಲಯದ ತುದಿಯ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು ಅನ್ನುತ್ತಾನೆ. ಸುಮ್ನೆ ಹೇಳುವುದಿಲ್ಲ, ವಚನ ಸಮೇತ ಹೇಳುತ್ತಾನೆ. ದೇವರು ತನ್ನ ದೂತರಿಗೆ ಅಪ್ಪಣೆ ಕೊಡುವನು, ಅವರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎಂದು ಬರೆದಿದೆಯಲ್ಲಾ ಅನ್ನುತ್ತಾನೆ. ಅದು 91ನೇ ಕೀರ್ತನೆ. ಒಳ್ಳೆಯ ಕೀರ್ತನೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ಅವನು ಹೇಳಿದ ಪದಗಳು ಕೀರ್ತನೆಯಲ್ಲಿ ಇವೆ. ಆ ಪದಗಳಿಂದ ಅವನು ಮಾಡಹೊರಟ ಕೆಲಸ ಮಾತ್ರ ಕೀರ್ತನೆಯಲ್ಲಿ ಇಲ್ಲ. ದೇವರ ಮರೆಯಲ್ಲಿ ವಾಸಿಸುವವನಿಗೆ ಸಿಗುವ ಧೈರ್ಯವನ್ನು ಕುರಿತ ಹಾಡು ಅದು. ಅದನ್ನು ದೇವರನ್ನೇ ಪರೀಕ್ಷೆ ಮಾಡುವ ಸಾಧನ ಮಾಡಿಕೊಂಡ.

ಯೇಸು ಏನು ಮಾಡಿದನು? ಆ ವಚನ ಸುಳ್ಳು ಅನ್ನಲಿಲ್ಲ. ನಿನ್ನ ದೇವರಾದ ಕರ್ತನನ್ನು ಪರೀಕ್ಷಿಸಬಾರದು ಎಂದೂ ಬರೆದಿದೆ ಅಂದನು. ಆ 'ಎಂದೂ' ಎಂಬಲ್ಲಿ ಸ್ವಲ್ಪ ನಿಲ್ಲಿ. ಒಂದು ವಚನಕ್ಕೆ ಇನ್ನೊಂದು ವಚನದ ಕಾವಲು ಅದು. ಆ ದಿನ ಯೇಸು ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳಿಂದ ಬಂದವು. ಇಸ್ರಾಯೇಲ್ಯರು ಅರಣ್ಯದಲ್ಲಿ ಸೋತ ಕಥೆ ಅಲ್ಲಿದೆ. ಆತನು ಆ ಭಾಗವನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಅರಣ್ಯಕ್ಕೆ ಹೋಗಿದ್ದನು.

ಎರಡನೇ ಶತಮಾನದಲ್ಲಿ ಲಿಯೋನ್ ಪಟ್ಟಣದಲ್ಲಿ ಐರೇನಿಯಸ್ ಎಂಬ ಸಭಾಧ್ಯಕ್ಷ (ಬಿಷಪ್) ಇದ್ದ. ಸುಮಾರು ಕ್ರಿ.ಶ. 180ರ ಹೊತ್ತಿಗೆ ಅವನು ಆ ಕಾಲದ ದುರ್ಬೋಧನೆಗಳ ವಿರುದ್ಧ ದೊಡ್ಡ ಪುಸ್ತಕ ಬರೆದ. ಅದರಲ್ಲಿ ಒಂದು ಹೋಲಿಕೆ ಕೊಡುತ್ತಾನೆ. ಒಬ್ಬ ಕುಶಲ ಕಲಾವಿದ ಬೆಲೆಬಾಳುವ ಕಲ್ಲುಗಳನ್ನು ಜೋಡಿಸಿ ರಾಜನ ಚಿತ್ರ ಮಾಡಿದ್ದಾನೆ. ಇನ್ನೊಬ್ಬ ಬಂದು ಅದೇ ಕಲ್ಲುಗಳನ್ನು ಕಿತ್ತು ನಾಯಿಯದೋ ನರಿಯದೋ ಚಿತ್ರ ಮಾಡುತ್ತಾನೆ. ಆಮೇಲೆ ಜನರಿಗೆ ತೋರಿಸಿ, ನೋಡಿ, ಇದೇ ರಾಜನ ಚಿತ್ರ, ಕಲ್ಲುಗಳೆಲ್ಲ ಅವೇ ತಾನೆ ಅನ್ನುತ್ತಾನೆ. ರಾಜನನ್ನು ಎಂದೂ ನೋಡದವನು ನಂಬಿಬಿಡುತ್ತಾನೆ. ಒಂದೊಂದು ಕಲ್ಲೂ ಅಸಲಿ ಎಂಬುದು ನಿಜ. ಐರೇನಿಯಸ್‌ನ ಕಾಲದಿಂದ ಇವತ್ತಿನವರೆಗೆ ದುರ್ಬೋಧನೆ ಕೆಲಸ ಮಾಡುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಓದಿಲ್ಲ.

ಈಗ ನಿಮಗೆಲ್ಲ ತುಂಬಾ ಇಷ್ಟವಾದ ಒಂದು ವಚನಕ್ಕೆ ಬರುತ್ತೇನೆ. ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳನ್ನು ನಾನೇ ಬಲ್ಲೆನು, ಅವು ಹಿತದ ಆಲೋಚನೆಗಳು, ಕೇಡಿನವಲ್ಲ, ನಿಮಗೆ ನಿರೀಕ್ಷೆಯನ್ನು ಕೊಡುವಂಥವು ಎಂಬ ಅರ್ಥದ ಮಾತು. ಗೋಡೆಯ ಮೇಲೆ ತೂಗುಹಾಕುತ್ತೇವೆ. ಪರೀಕ್ಷೆ ಬರೆಯುವ ಮಕ್ಕಳಿಗೆ ಕಳಿಸುತ್ತೇವೆ. ಒಳ್ಳೆಯದೇ. ಆದರೆ ಈ ಮಾತು ಯಾರಿಗೆ ಬಂತು, ಯಾವಾಗ ಬಂತು ಎಂದು ಒಂದು ಅಧ್ಯಾಯ ಹಿಂದಕ್ಕೆ ಹೋಗಿ ನೋಡೋಣ.

ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ರಾಜನನ್ನೂ ಸಾವಿರಾರು ಜನರನ್ನೂ ಸೆರೆ ಒಯ್ದ. ದೇವಾಲಯದ ಪಾತ್ರೆಗಳನ್ನೂ ಹೊತ್ತುಕೊಂಡು ಹೋದ. ಊರಿನಲ್ಲಿ ಉಳಿದವರು ಕಂಗಾಲಾಗಿದ್ದರು. ಆಗ ಪ್ರವಾದಿ ಯೆರೆಮೀಯನು ಕುತ್ತಿಗೆಗೆ ಮರದ ನೊಗ ಹೊತ್ತುಕೊಂಡು ತಿರುಗುತ್ತಿದ್ದ. ಬಾಬೆಲಿನ ರಾಜನ ನೊಗಕ್ಕೆ ತಲೆಬಾಗಿ ಬದುಕಿಕೊಳ್ಳಿ ಎಂಬುದು ದೇವರು ಅವನ ಬಾಯಲ್ಲಿ ಇಟ್ಟ ಮಾತು. ಕೇಳುವವರಿಗೆ ಹೇಗಿರಬೇಕು ಹೇಳಿ.

28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎದ್ದು ನಿಲ್ಲುತ್ತಾನೆ. ಗಿಬ್ಯೋನಿನವನು, ಅಜ್ಜೂರನ ಮಗ. ದೇವಾಲಯದಲ್ಲಿ, ಯಾಜಕರ ಮುಂದೆ, ಜನರೆಲ್ಲರ ಮುಂದೆ ಮಾತಾಡುತ್ತಾನೆ. ಅವನ ಮೊದಲ ಮಾತೇ, ಯೆಹೋವನು ಹೀಗೆ ಹೇಳುತ್ತಾನೆ ಎಂಬುದು. ಯೆರೆಮೀಯ ಬಳಸುತ್ತಿದ್ದ ಮಾತೇ ಅದು. ಎರಡು ವರ್ಷದೊಳಗೆ ಪಾತ್ರೆಗಳು ವಾಪಸ್ ಬರುತ್ತವೆ, ಸೆರೆ ಹೋದವರು ವಾಪಸ್ ಬರುತ್ತಾರೆ, ಬಾಬೆಲಿನ ನೊಗ ಮುರಿಯುತ್ತದೆ ಅಂದ. ಎರಡು ವರ್ಷ! ಮಗನನ್ನು ಕಳಕೊಂಡ ತಾಯಿ ಆ ಗುಂಪಿನಲ್ಲಿದ್ದರೆ ಅವಳಿಗೆ ಹನನ್ಯನ ಮಾತು ಬೇಕೋ, ಯೆರೆಮೀಯನ ಮಾತು ಬೇಕೋ?

ಯೆರೆಮೀಯನ ಉತ್ತರ ನನ್ನನ್ನು ಪ್ರತಿಸಲ ತಟ್ಟುತ್ತದೆ. ಅವನು ಆಮೆನ್ ಅಂದ. ಯೆಹೋವನು ಹಾಗೆಯೇ ಮಾಡಲಿ ಅಂದ. ಅವನಿಗೂ ಅದೇ ಬೇಕಿತ್ತು, ತನ್ನ ಜನ ಮನೆಗೆ ಬರುವುದು ಅವನಿಗೇನು ಬೇಡವಾಗಿತ್ತೇ? ತನಗೆ ಬೇಕಾದದ್ದನ್ನು ದೇವರ ಬಾಯಿಗೆ ತುರುಕಲು ಮಾತ್ರ ಅವನು ಒಪ್ಪಲಿಲ್ಲ. ಹನನ್ಯ ಎಲ್ಲರ ಮುಂದೆ ಯೆರೆಮೀಯನ ಕತ್ತಿನಿಂದ ನೊಗ ತೆಗೆದು ಮುರಿದುಹಾಕಿದ. ಯೆರೆಮೀಯ ಸುಮ್ಮನೆ ತನ್ನ ದಾರಿ ಹಿಡಿದು ಹೋದ. ಆ ದಿನ ನೋಡಿದವರಿಗೆ ಗೆದ್ದವನು ಯಾರು ಅನ್ನಿಸಿರಬೇಕು? ಆಮೇಲೆ ದೇವರ ಮಾತು ಬಂತು. ಮರದ ನೊಗ ಮುರಿದೆ, ಅದರ ಜಾಗಕ್ಕೆ ಕಬ್ಬಿಣದ ನೊಗ ಬಂತು ಎಂದು ಹನನ್ಯನಿಗೆ ಹೇಳು. ಈ ಜನ ಸುಳ್ಳನ್ನು ನಂಬುವಂತೆ ಮಾಡಿದ್ದೀ ಎಂದು ಹೇಳು. ಹನನ್ಯ ಅದೇ ವರ್ಷ, ಎರಡೇ ತಿಂಗಳಲ್ಲಿ ಸತ್ತ.

ಈಗ 29ನೇ ಅಧ್ಯಾಯ. ಯೆರೆಮೀಯ ಬಾಬೆಲಿನಲ್ಲಿರುವ ಸೆರೆಯಾಳುಗಳಿಗೆ ಕಾಗದ ಬರೆಯುತ್ತಾನೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಿಮ್ಮ ನಡುವೆ ಇರುವ ಪ್ರವಾದಿಗಳ ಮಾತಿಗೆ ಮೋಸಹೋಗಬೇಡಿ. ಎಪ್ಪತ್ತು ವರ್ಷ ಮುಗಿದ ಮೇಲೆ ನಿಮ್ಮನ್ನು ಕರೆತರುತ್ತೇನೆ. ಇದು 10ನೇ ವಚನ. ಇದರ ಬೆನ್ನಿಗೇ 11ನೇ ವಚನ. ಎಪ್ಪತ್ತು ವರ್ಷ ಅಂದರೆ ಕಾಗದ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನ ಮಣ್ಣಿನಲ್ಲೇ ಸಾಯುತ್ತಾರೆ. ಅವರಿಗೆ ದೇವರು ಹೇಳಿದ್ದು, ನನ್ನ ಆಲೋಚನೆ ಹಿತದ್ದು ಎಂದು. ಈಗ ಅದೇ ವಚನವನ್ನು ಮತ್ತೆ ಓದಿ. ಮೊದಲಿಗಿಂತ ಗಟ್ಟಿಯಾಗಿ ಕೇಳುವುದಿಲ್ಲವೇ? ನಾಳೆಯೇ ಎಲ್ಲ ಸರಿಹೋಗುತ್ತದೆ ಎಂಬ ಮಾತು ನಾಳೆ ಸರಿಹೋಗದಿದ್ದರೆ ಬಿದ್ದುಹೋಗುತ್ತದೆ. ಎಪ್ಪತ್ತು ವರ್ಷದ ಕತ್ತಲೆಯಲ್ಲೂ ದೇವರು ನಮ್ಮನ್ನು ಮರೆತಿಲ್ಲ ಎಂಬ ಮಾತು ಬೀಳುವುದಿಲ್ಲ. 11ನೇ ವಚನವನ್ನು ಮಾತ್ರ ಕತ್ತರಿಸಿಕೊಂಡು, ನಿನಗೆ ಈ ವರ್ಷವೇ ಮನೆ, ಕೆಲಸ, ವೀಸಾ ಗ್ಯಾರಂಟಿ ಎಂದು ಬೋಧಿಸುವವನು ಯೆರೆಮೀಯನ ಪುಸ್ತಕ ಹಿಡಿದು ಹನನ್ಯನ ಪ್ರಸಂಗ ಮಾಡುತ್ತಿದ್ದಾನೆ.

ಫಿಲಿಪ್ಪಿ 4:13ಕ್ಕೂ ಇದೇ ಗತಿ. ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಪೌಲನು ಬರೆದದ್ದು ಸೆರೆಯಲ್ಲಿ, ಕೈಗೆ ಬೇಡಿ ಹಾಕಿಸಿಕೊಂಡು. ಹಿಂದಿನ ಎರಡು ವಚನದಲ್ಲಿ ಹಸಿವೆಯನ್ನೂ ಕೊರತೆಯನ್ನೂ ಸಹಿಸಲು ಕಲಿತಿದ್ದೇನೆ ಅನ್ನುತ್ತಾನೆ. ಆ 'ಎಲ್ಲ'ದಲ್ಲಿ ಹಸಿವೆಯೂ ಸೇರಿದೆ.

ಇದು ಬರೀ ಓದಿನ ವಿಷಯ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಇದರ ಪೆಟ್ಟು ಬೀಳುವುದು ಎಲ್ಲಿ ಎಂದು ನೋಡಿ. ಒಬ್ಬ ತಾಯಿಯ ಮಗುವಿಗೆ ವಾಸಿಯಾಗದ ಕಾಯಿಲೆ. ಕೂಟದಲ್ಲಿ ಒಬ್ಬರು ತಲೆಯ ಮೇಲೆ ಕೈಯಿಟ್ಟು, ವಾಸಿಯಾಗಿದೆ, ನಂಬು, ಔಷಧಿ ಕೊಟ್ಟರೆ ಅದು ಅವಿಶ್ವಾಸ ಅನ್ನುತ್ತಾರೆ. ಅವಳು ಮಾತ್ರೆಯ ಡಬ್ಬಿ ಎತ್ತಿಡುತ್ತಾಳೆ. ಮಗು ತೀರಿಕೊಳ್ಳುತ್ತದೆ. ಆಮೇಲೆ ಅದೇ ಜನ ಬಂದು, ನಿನ್ನ ವಿಶ್ವಾಸ ಸಾಲದೆ ಹೋಯಿತು ಅನ್ನುತ್ತಾರೆ. ಮಗುವನ್ನು ಕಳಕೊಂಡವಳ ತಲೆಯ ಮೇಲೆ ಮಗುವನ್ನು ಕೊಂದ ಅಪವಾದವನ್ನೂ ಹೊರಿಸಿ ಹೋಗುತ್ತಾರೆ. ಇಂಥ ಹೊರೆ ಹೊತ್ತವರ ಎದುರು ಕೂತವನು ನಾನು. ಅವರ ಪ್ರಶ್ನೆ ಯಾವಾಗಲೂ ಒಂದೇ. ನಾನು ಇನ್ನೂ ಸ್ವಲ್ಪ ನಂಬಿದ್ದರೆ ಉಳಿಯುತ್ತಿತ್ತಾ?

ಅವರಿಗೆ ನಾನು ಪೌಲನ ಪತ್ರಗಳ ಕೊನೆಯ ಸಾಲುಗಳನ್ನು ತೋರಿಸುತ್ತೇನೆ. ನಾವು ಬೇಗಬೇಗ ದಾಟಿಹೋಗುವ ಸಾಲುಗಳು. ಎರಡನೇ ತಿಮೊಥೆ 4:20ರಲ್ಲಿ, ತ್ರೊಫಿಮನು ಕಾಯಿಲೆ ಬಿದ್ದದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ಬರೆಯುತ್ತಾನೆ. ಯಾರ ಮೈಮೇಲಿನ ವಸ್ತ್ರಗಳಿಂದ ರೋಗಿಗಳು ವಾಸಿಯಾದರೋ ಆ ಪೌಲನು ತನ್ನ ಜೊತೆ ಕೆಲಸದವನನ್ನು ಕಾಯಿಲೆಯಲ್ಲೇ ಬಿಟ್ಟು ಹೊರಡಬೇಕಾಯಿತು. ಅವನ ವಿಶ್ವಾಸ ಕಡಿಮೆ ಎಂದು ಒಂದು ಪದವೂ ಬರೆಯಲಿಲ್ಲ. ತಿಮೊಥೆಗೆ ಪದೇಪದೇ ಅಸ್ವಸ್ಥತೆ ಇತ್ತು. ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ಅದು ಆ ಕಾಲದ ಔಷಧಿ. ಇನ್ನೊಬ್ಬ ಜೊತೆ ಕೆಲಸದವ ಎಪಫ್ರೊದೀತ ಸಾಯುವ ಸ್ಥಿತಿಗೆ ಹೋಗಿ ಬದುಕಿದ, ಅದನ್ನು ದೇವರ ಕರುಣೆ ಅಂದ. ತನ್ನ ಶರೀರದಲ್ಲಿದ್ದ ಮುಳ್ಳಿಗಾಗಿ ಪೌಲ ತಾನೇ ಮೂರು ಸಲ ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ದೇವರು ವಾಸಿಮಾಡುತ್ತಾನೆ ಎಂದು ನಾನು ನಂಬುತ್ತೇನೆ, ರೋಗಿಗಳಿಗಾಗಿ ಪ್ರಾರ್ಥಿಸುತ್ತೇನೆ. ವಾಸಿಯಾಗದವರು ದೇವರ ಪ್ರೀತಿಯಿಂದ ಹೊರಗಿದ್ದಾರೆ ಎಂಬ ಬೋಧನೆಯನ್ನು ಮಾತ್ರ ಸಭೆಯೊಳಗೆ ಬಿಟ್ಟುಕೊಳ್ಳಬೇಡಿ.

ಹಾಗಾದರೆ ಯಾವ ಬೋಧನೆ ಸ್ವಸ್ಥ, ಯಾವುದು ಅಲ್ಲ ಎಂದು ನೋಡುವುದು ಹೇಗೆ? ನಾನು ಮೊದಲು ಕೇಳುವುದು ಯೇಸು ಯಾರು ಎಂಬ ಪ್ರಶ್ನೆ. ಯೋಹಾನನು ತನ್ನ ಒಂದನೇ ಪತ್ರದ 4ನೇ ಅಧ್ಯಾಯದಲ್ಲಿ, ಎಲ್ಲ ಆತ್ಮಗಳನ್ನು ನಂಬದೆ ಪರೀಕ್ಷಿಸಿ ಅನ್ನುತ್ತಾನೆ. ಯೇಸು ಕ್ರಿಸ್ತನು ಶರೀರಧಾರಿಯಾಗಿ ಬಂದನೆಂದು ಒಪ್ಪುವುದೇ ಅವನು ಕೊಡುವ ಗುರುತು. ಆಗಲೇ ಕೆಲವರು, ಆತನು ನಿಜವಾದ ಮನುಷ್ಯನಲ್ಲ, ಸುಮ್ನೆ ಹಾಗೆ ಕಾಣಿಸಿದ ಎಂದು ಹೇಳಲು ಶುರುಮಾಡಿದ್ದರು. ನಿಜವಾದ ಶರೀರ ಇಲ್ಲದಿದ್ದರೆ ನಿಜವಾದ ಶಿಲುಬೆಯೂ ಇಲ್ಲ.

ನಾಲ್ಕನೇ ಶತಮಾನದಲ್ಲಿ ಇನ್ನೊಂದು ಕಡೆಯಿಂದ ಪೆಟ್ಟು ಬಂತು. ಅಲೆಕ್ಸಾಂಡ್ರಿಯದಲ್ಲಿ ಅರಿಯಸ್ ಎಂಬ ಸಭಾ ಹಿರಿಯ ಇದ್ದ. ಮಗನು ದೊಡ್ಡವನೇ, ಎಲ್ಲ ಸೃಷ್ಟಿಗಿಂತ ಮೇಲಿನವನೇ, ಆದರೆ ಅವನೂ ಸೃಷ್ಟಿಯೇ. ಅವನು ಇಲ್ಲದ ಒಂದು ಹೊತ್ತು ಇತ್ತು ಅನ್ನುತ್ತಿದ್ದ. ವಚನ ತೋರಿಸುತ್ತಿದ್ದ, ಜ್ಞಾನೋಕ್ತಿ 8:22. ಕೊಲೊಸ್ಸೆ 1:15 ಕೂಡ ಆ ವಾದದಲ್ಲಿ ಬರುತ್ತಿತ್ತು, ಎಲ್ಲ ಸೃಷ್ಟಿಗೂ ಜ್ಯೇಷ್ಠಪುತ್ರ ಎಂಬ ಮಾತು. ಮುಂದಿನ ವಚನ ಓದಿ. 16ನೇ ವಚನ ಹೇಳುವುದು, ಭೂಪರಲೋಕಗಳಲ್ಲಿರುವ ಎಲ್ಲವೂ ಆತನ ಮೂಲಕವೇ ಸೃಷ್ಟಿಯಾಯಿತು ಎಂದು. ಎಲ್ಲವನ್ನೂ ಸೃಷ್ಟಿಸಿದವನು ಸೃಷ್ಟಿಯ ಪಟ್ಟಿಯೊಳಗೆ ಹೇಗೆ ಬರುತ್ತಾನೆ? 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಸಭಾಧ್ಯಕ್ಷರೆಲ್ಲ ಸೇರಿದರು. ನಿಜ ದೇವರಿಂದ ಬಂದ ನಿಜ ದೇವರು, ಸೃಷ್ಟಿಸಲ್ಪಟ್ಟವನಲ್ಲ ಎಂದು ಬರೆದಿಟ್ಟರು. ಸೃಷ್ಟಿಯಾದವನೊಬ್ಬ ನಮ್ಮನ್ನು ದೇವರ ಹತ್ತಿರ ಸೇರಿಸಲಾರ ಎಂಬ ಭಯ ಆ ಮಾತಿನ ಹಿಂದೆ ಇತ್ತು. ಅಲ್ಲಿಗೆ ಜಗಳ ಮುಗಿಯಲಿಲ್ಲ. ಆಮೇಲೆ ಚಕ್ರವರ್ತಿಗಳೇ ಅರಿಯಸ್‌ನ ಪಕ್ಷದ ಕಡೆ ವಾಲಿದರು. ಅಲೆಕ್ಸಾಂಡ್ರಿಯದ ಅಥನೇಸಿಯಸ್ ಈ ವಿಶ್ವಾಸಕ್ಕಾಗಿ ಐದು ಸಲ ಗಡಿಪಾರಾದ. ಒಟ್ಟು ಸುಮಾರು 17 ವರ್ಷ ಊರು ಬಿಟ್ಟು ಇರಬೇಕಾಯಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಸಭಾಧ್ಯಕ್ಷರ ಕೂಟ ನೈಸಿಯಾದ ಮಾತನ್ನು ಮತ್ತೆ ಗಟ್ಟಿಮಾಡಿದಾಗ ಅವನು ಬದುಕಿರಲಿಲ್ಲ. ನಾವು ಭಾನುವಾರ ವಿಶ್ವಾಸಪ್ರಮಾಣವನ್ನು, ಅಂದರೆ ನಾವು ನಂಬುವುದನ್ನು ಸಾರುವ ಸಾಲುಗಳನ್ನು, ಗಡಿಬಿಡಿಯಲ್ಲಿ ಹೇಳಿ ಕೂತುಬಿಡುತ್ತೇವೆ. ಒಂದೊಂದು ಸಾಲಿಗೂ ಯಾರೋ ಬೆಲೆ ತೆತ್ತಿದ್ದಾರೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ನಮ್ಮಲ್ಲಿ ಹಾಡು ನಡೆಸುವವರು ಇರುವುದರಿಂದ. ಅರಿಯಸ್ ತನ್ನ ಬೋಧನೆಯನ್ನು ಪದ್ಯದಲ್ಲಿ ಬರೆದ. ಹಡಗಿನವರು, ಹಿಟ್ಟು ಬೀಸುವವರು, ದಾರಿ ನಡೆಯುವವರು ಹಾಡಿಕೊಳ್ಳಲು ಹಾಡು ಕಟ್ಟಿದ ಎಂದು ಹಳೆಯ ಚರಿತ್ರೆಕಾರನೊಬ್ಬ ಬರೆದಿದ್ದಾನೆ. ಪ್ರಸಂಗ ಮಧ್ಯಾಹ್ನದ ಹೊತ್ತಿಗೆ ಮರೆತುಹೋಗುತ್ತದೆ. ಹಾಡು ಪಾತ್ರೆ ತೊಳೆಯುವಾಗಲೂ ಬಾಯಲ್ಲಿ ಇರುತ್ತದೆ. ಜನರ ವಿಶ್ವಾಸ ರೂಪುಗೊಳ್ಳುವುದರಲ್ಲಿ ನಿಮ್ಮ ಪಾಲು ಪ್ರಸಂಗಿಯ ಪಾಲಿಗಿಂತ ಕಡಿಮೆ ಏನಲ್ಲ. ರಾಗ ಆರಿಸುವ ಮುಂಚೆ ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡಿ. ಇದರಲ್ಲಿ ಶಿಲುಬೆ ಎಲ್ಲಿದೆ, ಪಾಪಕ್ಷಮೆ ಎಲ್ಲಿದೆ, ಬರೀ ನಾನು ನನಗೆ ನನ್ನದು ಅಷ್ಟೇನಾ ಎಂದು ನೋಡಿ.

ಇನ್ನೊಂದು ಪ್ರಶ್ನೆ ರಕ್ಷಣೆಯದು. ಗಲಾತ್ಯದ ಸಭೆಗಳಿಗೆ ಬಂದ ಬೋಧಕರು ಯೇಸುವನ್ನು ಬಿಡಿ ಅನ್ನಲಿಲ್ಲ. ಯೇಸು ಬೇಕು, ಜೊತೆಗೆ ಸುನ್ನತಿಯೂ ಬೇಕು ಅಂದರು. ಪೌಲನು ಅದನ್ನು ಬೇರೆಯೇ ಸುವಾರ್ತೆ ಅಂದ. ನಾವೇ ಆಗಲಿ, ಪರಲೋಕದಿಂದ ಬಂದ ದೂತನೇ ಆಗಲಿ ಬೇರೆ ಸುವಾರ್ತೆ ಸಾರಿದರೆ ಶಾಪಗ್ರಸ್ತನಾಗಲಿ ಅಂದ. 'ನಾವೇ ಆಗಲಿ' ಎಂದು ತನ್ನನ್ನೂ ಸೇರಿಸಿಕೊಂಡ. ಅಂತಿಯೋಕ್ಯದಲ್ಲಿ ಪೇತ್ರನು ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟ ಮಾಡುತ್ತಿದ್ದವನು, ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದ ಕೂಡಲೆ ಭಯಪಟ್ಟು ಬೇರೆ ಕೂತ. ಬಾರ್ನಬನೂ ಹಾಗೆ ಮಾಡಿದ. ಪೇತ್ರ ಒಂದೂ ತಪ್ಪು ಮಾತಾಡಿರಲಿಲ್ಲ, ಊಟದ ಪಂಕ್ತಿ ಬದಲಾಯಿಸಿದ್ದ ಅಷ್ಟೆ. ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿದ. ಯೇಸುವಿನ ಶಿಷ್ಯರಲ್ಲಿ ಮೊದಲನೆಯವನೇ ತಪ್ಪಿದ ಅಂದ ಮೇಲೆ ನಮ್ಮ ಮೆಚ್ಚಿನ ಬೋಧಕರು ಯಾವ ಲೆಕ್ಕ? ಅವರ ಮಾತನ್ನೂ ಪರೀಕ್ಷಿಸಲೇಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಅಪಾಯವನ್ನೂ ಹೇಳಬೇಕು. ಕೆಲವರಿಗೆ ಎಲ್ಲೆಲ್ಲೂ ದುರ್ಬೋಧನೆಯೇ ಕಾಣಿಸುತ್ತದೆ. ದೀಕ್ಷಾಸ್ನಾನದ ರೀತಿ ಬೇರೆಯಾ, ದುರ್ಬೋಧನೆ. ಕೈತಟ್ಟಿ ಹಾಡಿದರಾ, ದುರ್ಬೋಧನೆ. ಕ್ರಿಸ್ತನ ಎರಡನೇ ಬರೋಣದ ಕ್ರಮದಲ್ಲಿ ಅಭಿಪ್ರಾಯ ಬೇರೆಯಾ, ದುರ್ಬೋಧನೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವನ್ನು ಇವರು ಓದಬೇಕು. ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಒಬ್ಬ ಕಾಯಿಪಲ್ಯ ಮಾತ್ರ ತಿನ್ನುತ್ತಾನೆ. ಒಬ್ಬ ಒಂದು ದಿನವನ್ನು ವಿಶೇಷ ಅನ್ನುತ್ತಾನೆ, ಒಬ್ಬನಿಗೆ ಎಲ್ಲ ದಿನವೂ ಒಂದೇ. ಪೌಲ ಅವರಲ್ಲಿ ಯಾರನ್ನೂ ಹೊರಗೆ ಹಾಕಲಿಲ್ಲ. ಗಲಾತ್ಯದಲ್ಲಿ ಗುಡುಗಿದವನೇ ಇಲ್ಲಿ, ಬೇರೊಬ್ಬನ ಸೇವಕನಿಗೆ ತೀರ್ಪು ಮಾಡಲು ನೀನು ಯಾರು ಎಂದು ಕೇಳುತ್ತಾನೆ. ಎಲ್ಲಿ ಗುಡುಗಬೇಕು, ಎಲ್ಲಿ ಸುಮ್ಮನಿರಬೇಕು ಎಂದು ತಿಳಿಯುವುದೂ ಸ್ವಸ್ಥ ಬೋಧನೆಯ ಭಾಗ. ತೋಳ ತೋಳ ಎಂದು ದಿನಾ ಕೂಗಿದರೆ ನಿಜವಾದ ತೋಳ ಬಂದಾಗ ಯಾರೂ ತಿರುಗಿ ನೋಡುವುದಿಲ್ಲ.

ತಪ್ಪು ಹೇಳಿದವರೆಲ್ಲ ಸುಳ್ಳು ಬೋಧಕರೂ ಅಲ್ಲ. ಅಪೊಲ್ಲೋಸನನ್ನು ನೋಡಿ, ಕೃತ್ಯಗಳು 18. ಮಾತಿನಲ್ಲಿ ಚತುರ, ವಚನದಲ್ಲಿ ಗಟ್ಟಿಗ, ಆದರೆ ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನದ ಆಚೆಗೆ ಗೊತ್ತಿರಲಿಲ್ಲ. ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಸಭಾಮಂದಿರದಲ್ಲಿ ಅವನ ಮಾತು ಕೇಳಿದರು. ಎದ್ದು ನಿಂತು ತಡೆಯಲಿಲ್ಲ. ತಮ್ಮ ಹತ್ತಿರ ಕರಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಗುಡಾರ ಹೊಲಿಯುವ ಆ ಗಂಡಹೆಂಡಿರ ಮಾತನ್ನು ಅಂಥ ವಿದ್ವಾಂಸ ಕೇಳಿಸಿಕೊಂಡ. ತಿದ್ದಿದರೆ ತಿದ್ದಿಕೊಳ್ಳುವವನು ಅಪೊಲ್ಲೋಸ. ತಿದ್ದಿದವನನ್ನೇ ಶಪಿಸುವವನ ಬಗ್ಗೆ ಎಚ್ಚರವಾಗಿರಿ.

ಬೆರೋಯ ಎಂಬ ಊರಿನವರ ಕಥೆ ನಿಮಗೆ ಗೊತ್ತೇ ಇದೆ. ಪೌಲನ ಮಾತನ್ನು ಆಸೆಯಿಂದ ಕೇಳಿದರು, ಆಮೇಲೆ ಅದು ಹೌದೋ ಅಲ್ಲವೋ ಎಂದು ಪ್ರತಿದಿನ ಶಾಸ್ತ್ರಗಳಲ್ಲಿ ಹುಡುಕಿದರು. ಅಪೊಸ್ತಲನನ್ನೇ ಪರೀಕ್ಷಿಸಿದರು! ಅದಕ್ಕೆ ಕೃತ್ಯಗಳನ್ನು ಬರೆದ ಲೂಕನು ಅವರನ್ನು ಹೊಗಳುತ್ತಾನೆ. ಕಾವಲು ಕಾಯುವ ಕೆಲಸ ಸಭಾಪಾಲಕರದ್ದು ಮಾತ್ರ ಎಂದು ನೀವು ಅಂದುಕೊಂಡಿದ್ದರೆ, ಬೆರೋಯದಲ್ಲಿ ಆ ಕೆಲಸ ಮಾಡಿದವರು ಪ್ರಸಂಗ ಕೇಳಲು ಬಂದ ಗಂಡಸರು, ಹೆಂಗಸರು. ಇವತ್ತು ಇದು ಇನ್ನೂ ಅಗತ್ಯ. ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ಬರುತ್ತದೆ, ಒಂದು ವಚನ, ಹಿಂದೆ ಸಂಗೀತ. ಮನಸ್ಸು ಕರಗುತ್ತದೆ, ಹತ್ತು ಜನಕ್ಕೆ ಕಳಿಸುತ್ತೇವೆ. ಕಳಿಸುವ ಮುಂಚೆ ಆ ಅಧ್ಯಾಯ ತೆಗೆದು ಹಿಂದಿನ ಹತ್ತು ವಚನ, ಮುಂದಿನ ಹತ್ತು ವಚನ ಓದಿ. ಐದು ನಿಮಿಷದ ಕೆಲಸ. ಎಷ್ಟೋ ಬೋಧನೆ ಆ ಪರೀಕ್ಷೆಗೇ ಬಿದ್ದುಹೋಗುತ್ತದೆ.

ಕ್ರಿಸ್ತನು ಮತ್ತೆ ಬರುವ ದಿನ ಗೊತ್ತುಮಾಡುವವರ ವಿಷಯಕ್ಕೆ ಇಷ್ಟೇ ಸಾಕು. ವಿಲಿಯಂ ಮಿಲ್ಲರ್‌ನ ಬೋಧನೆ ಕೇಳಿದ ಅಮೆರಿಕದ ಸಾವಿರಾರು ಜನ 1844ರ ಅಕ್ಟೋಬರ್ 22ರಂದು ಕರ್ತನು ಬರುತ್ತಾನೆ ಎಂದು ಕಾದರು. ಹೊಲದ ಬೆಳೆ ಕೊಯ್ಯದೆ ಬಿಟ್ಟವರೂ ಇದ್ದರು. ಅಮೆರಿಕದ ಇನ್ನೊಬ್ಬ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೊದಲ್ಲಿ 2011ರ ಮೇ 21 ಅಂದ. ಆ ದಿನವೂ ಆ ಗಳಿಗೆಯೂ ತಂದೆಗೇ ಹೊರತು ಯಾರಿಗೂ ಗೊತ್ತಿಲ್ಲ ಎಂದು ಕರ್ತನೇ ಹೇಳಿದ್ದಾನೆ, ಮಾರ್ಕ 13:32.

ಪ್ರಶ್ನೆಯೇ ಕೇಳಬಾರದು ಅನ್ನುವ ಗುಂಪು ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಅಮೆರಿಕದ ಜಿಮ್ ಜೋನ್ಸ್ ಎಂಬ ಬೋಧಕ 1950ರ ದಶಕದಲ್ಲಿ ಶುರುಮಾಡಿದ್ದು ಒಂದು ಸಭೆ. ಬಡವರಿಗೆ ಊಟ ಹಾಕುತ್ತಿತ್ತು, ಕರಿಯರು ಬಿಳಿಯರು ಒಟ್ಟಿಗೆ ಕೂರುತ್ತಿದ್ದರು. ಒಳ್ಳೆಯ ಕೆಲಸ ನೋಡಿಯೇ ಜನ ಸೇರಿದರು. ನಿಧಾನವಾಗಿ ಅವನ ಮಾತು ವಚನಕ್ಕಿಂತ ಮೇಲಾಯಿತು. ಆಮೇಲೆ ವಚನವೇ ಬೇಡವಾಯಿತು. ಮನೆಯವರಿಂದ ದೂರ ಮಾಡಿ ಗಯಾನಾದ ಕಾಡಿಗೆ ಕರಕೊಂಡು ಹೋದ. 1978ರ ನವೆಂಬರ್ 18ರಂದು ಅಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಸಯನೈಡ್ ವಿಷದಿಂದ. ಮಕ್ಕಳೇ ನೂರಾರು. ಅವರು ದಡ್ಡರಾಗಿರಲಿಲ್ಲ. ಅವರ ಬಗ್ಗೆ ನಗಬೇಡಿ.

ಹಣದ ವಿಷಯ ಬಿಡುವ ಹಾಗಿಲ್ಲ. ಡಿಡಾಖೆ ಎಂಬ ಹಳೆಯ ಬರಹ ಇದೆ. ಸುಮಾರು ಒಂದನೇ ಶತಮಾನದ ಕೊನೆಯದೋ ಎರಡನೇ ಶತಮಾನದ ಶುರುವಿನದೋ. ಊರೂರು ತಿರುಗುವ ಪ್ರವಾದಿಗಳನ್ನು ಸಭೆ ಹೇಗೆ ಬರಮಾಡಿಕೊಳ್ಳಬೇಕು ಎಂದು ಅದರಲ್ಲಿದೆ. ಒಂದು ದಿನ ಇರಲಿ, ಬೇಕಾದರೆ ಎರಡನೆಯ ದಿನವೂ ಇರಲಿ, ಮೂರು ದಿನ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ರೊಟ್ಟಿ ಮಾತ್ರ ತಗೊಳ್ಳಲಿ, ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ನನಗೆ ಹಣ ಕೊಡು ಅಂದರೆ ಕೇಳಬೇಡಿ, ಕೊರತೆಯಲ್ಲಿರುವ ಬೇರೆಯವರಿಗೆ ಕೊಡಿ ಅಂದರೆ ಯಾರೂ ಅವನಿಗೆ ತೀರ್ಪು ಮಾಡಬೇಡಿ. ಎಷ್ಟು ಸರಳ ನೋಡಿ. ದೊಡ್ಡ ದೇವಶಾಸ್ತ್ರ ಬಾರದ ಸಭೆಯೂ ಹೀಗೆ ಪರೀಕ್ಷಿಸಬಲ್ಲದು. ಸಭೆಯ ಸೇವಕರಿಗೆ ಸಂಬಳ ಕೊಡುವುದು ಬೇರೆ ಮಾತು, ಅದು ನ್ಯಾಯ, ಪೌಲನೂ ಒಪ್ಪುತ್ತಾನೆ. ಇಷ್ಟು ಕೊಟ್ಟರೆ ಇಂಥ ಆಶೀರ್ವಾದ ಎಂದು ದರ ಹಾಕಿದರೆ ಅಲ್ಲಿಂದ ಎದ್ದುಬನ್ನಿ. ಹಣ ಕೊಟ್ಟು ಪವಿತ್ರಾತ್ಮನ ವರವನ್ನು ಕೊಳ್ಳಲು ಬಂದ ಸೀಮೋನನಿಗೆ ಪೇತ್ರ ಏನಂದ ಎಂದು ಕೃತ್ಯಗಳು 8ರಲ್ಲಿ ಓದಿಕೊಳ್ಳಿ.

ನಿಮ್ಮಲ್ಲಿ ಒಬ್ಬರು ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಕೊಟ್ಟಿದ್ದಾರೆ. ಅಂಥ ಗುಂಪಿನಿಂದ ಹೊರಗೆ ಬಂದವರನ್ನು ನಾವು ಹೇಗೆ ನೋಡಿಕೊಳ್ಳಬೇಕು ಎಂದು. ಒಳ್ಳೆಯ ಪ್ರಶ್ನೆ. ಯೂದನ ಪತ್ರ ಸುಳ್ಳು ಬೋಧಕರ ಮೇಲೆ ತುಂಬಾ ಖಾರವಾಗಿದೆ. ಆದರೆ ಕೊನೆಗೆ ಬಂದಾಗ, ಸಂಶಯಪಡುವವರಿಗೆ ಕರುಣೆ ತೋರಿಸಿ, ಬೆಂಕಿಯಿಂದ ಎಳೆದು ರಕ್ಷಿಸಿ ಅನ್ನುತ್ತಾನೆ. ಬೋಧಿಸಿದವನನ್ನೂ ಮೋಸಹೋದವನನ್ನೂ ಒಂದೇ ತರ ನೋಡಬಾರದು.

ಬಂದವರಿಗೆ, ಆಗಲೇ ಹೇಳಿರಲಿಲ್ವಾ ಅನ್ನಬೇಡಿ. ಅವರು ಹಣ ಕಳಕೊಂಡಿರಬಹುದು, ನೆಂಟರನ್ನು ಕಳಕೊಂಡಿರಬಹುದು. ಪ್ರಾರ್ಥನೆ ಅಂದರೆ ಮೈ ಬಿಗಿಯಾಗಬಹುದು, ಕೆಲವು ವಚನ ಕೇಳಿದರೆ ಹೆದರಿಕೆ ಆಗಬಹುದು. ಕೂಡಲೇ ಸಾಕ್ಷಿ ಹೇಳಿ ಎಂದು ವೇದಿಕೆಗೆ ಹತ್ತಿಸಬೇಡಿ, ಸೇವೆಗೆ ಎಳೆಯಬೇಡಿ. ಅವರು ಓದಲು ಒಪ್ಪಿದರೆ ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಹದಿನಾರೇ ಅಧ್ಯಾಯ. ದಾನಿಯೇಲ, ಪ್ರಕಟನೆ ಸದ್ಯಕ್ಕೆ ಬೇಡ. ಒಂದು ಸಲಕ್ಕೆ ಒಂದು ಅಧ್ಯಾಯ, ಪೂರ್ತಿ, ಬಿಡಿ ವಚನ ಆರಿಸದೆ. ಓದಿದ ಮೇಲೆ ನೀವು ಪ್ರಸಂಗ ಮಾಡಬೇಡಿ, ಅವರು ಕೇಳಲಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಎಲ್ಲದಕ್ಕೂ ಉತ್ತರ ಇದ್ದವರ ಹತ್ತಿರದಿಂದಲೇ ಅವರು ಬಂದಿರುವುದು. ಒಂದೇ ಅಧ್ಯಾಯದಲ್ಲಿ ವಾರಗಟ್ಟಲೆ ನಿಂತು ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೂ ಅವಸರ ಮಾಡಬೇಡಿ, ಅವರ ಜೊತೆ ಅಲ್ಲೇ ನಿಲ್ಲಿ.